ದುಪ್ಪಟ್ಟು ಬಾಡಿಗೆ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕಡಿಮೆ ದುಡ್ಡಲ್ಲಿ ಊರು ನೋಡೋದು ಹೇಗೆ ಅಂತ ನಾಲ್ಕು ಮಾತು ಹೇಳಿ ಎಂದು ನಮ್ಮನ್ನು ಇಲ್ಲಿ ನಿಲ್ಲಿಸಿದ್ದೀರಿ. ನಾವೇನು ದೇಶ ಸುತ್ತಿದವರಲ್ಲ. ದೂರ ಹೋಗಿದ್ದು ಒಂದೇ ಸಲ. 2022ರ ಡಿಸೆಂಬರಿನಲ್ಲಿ ಮೈಸೂರಿನಿಂದ ಪುಣೆಗೆ, ಅಲ್ಲಿಂದ ಮುಂಬೈನ ದಾದರಿಗೆ. ಆರು ಜನ, ತಲೆಗೆ 1,500 ರೂಪಾಯಿ. ಸ್ಕಾಲರ್‌ಶಿಪ್ ಇನ್ನೂ ಬಂದಿರಲಿಲ್ಲ. ಕೆಲವರು ದಸರಾ ರಜೆಯಲ್ಲಿ ಗಾರೆ ಕೆಲಸಕ್ಕೆ ಹೋಗಿ ಕೂಡಿಟ್ಟಿದ್ದರು. ಒಬ್ಬನ ಅವ್ವ ಸಂಘದಲ್ಲಿ ಸಾಲ ಎತ್ತಿ ಕೊಟ್ಟಿದ್ದರು. ಅಂಥ ದುಡ್ಡಾದ್ದರಿಂದ ಟೀ ಕುಡಿದರೂ ಬರೆದಿಟ್ಟೆವು. ಆ ಲೆಕ್ಕದ ಪುಸ್ತಕ ನಮ್ಮ ಕೈಲಿದೆ. ಅದನ್ನೇ ನಿಮ್ಮ ಮುಂದೆ ಬಿಚ್ಚುತ್ತೇವೆ.

ಮೊದಲು ರೈಲು. ವಿದ್ಯಾರ್ಥಿಗಳು ಸ್ವಂತ ಊರಿಗೆ ಹೋಗೋದಕ್ಕೆ, ಶೈಕ್ಷಣಿಕ ಪ್ರವಾಸಕ್ಕೆ ರೈಲ್ವೆಯಲ್ಲಿ ರಿಯಾಯಿತಿ ಉಂಟು. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಸೆಕೆಂಡ್ ಕ್ಲಾಸ್, ಸ್ಲೀಪರ್ ದರದಲ್ಲಿ ಅರ್ಧ ಬಿಡುತ್ತಾರೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ನೂರಕ್ಕೆ 75. 2020ರ ಮಾರ್ಚಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಲ್ಲಿಸಿದಾಗಲೂ ವಿದ್ಯಾರ್ಥಿಗಳದ್ದಕ್ಕೆ ಕೈ ಹಾಕಲಿಲ್ಲ. ಆದರೆ ಮೊಬೈಲಿನಲ್ಲಿ ಇದು ಸಿಗೋದಿಲ್ಲ. ಕಾಲೇಜಿನ ಮುಖ್ಯಸ್ಥರ ಸಹಿ, ಮೊಹರು ಬಿದ್ದ ಫಾರಂ ಹಿಡಿದು ಸ್ಟೇಷನ್ ಕೌಂಟರಿಗೇ ಹೋಗಬೇಕು.

ನಾವೂ ಫಾರಂ ತುಂಬಿ ಸಹಿಗೆ ಹೋದೆವು. ಸಹಿ ಹಾಕೋರು ಕನ್ನಡಕ ಏರಿಸಿ, “ಎಲ್ಲಿಗ್ರಯ್ಯಾ?” ಅಂದರು.

“ಪುಣೆಯ ಫುಲೆ ವಾಡ, ದಾದರಿನ ಚೈತ್ಯಭೂಮಿ ಸಾರ್.”

“ಅದು ಜಾತ್ರೆ ಕಣ್ರಯ್ಯಾ. ಅದರಲ್ಲಿ ಓದೋದೇನಿದೆ?”

ಅದೇ ಮೇಜಿನ ಮೇಲೆ ಬೇರೆ ಹುಡುಗರ ಗೋವಾ ಟೂರಿನ ಫಾರಂ ಸಹಿಯಾಗಿ ಕೂತಿತ್ತು. ಸಮುದ್ರದಲ್ಲಿ ಓದೋದೇನಿದೆ ಅಂತ ಅವರನ್ನು ಯಾರೂ ಕೇಳಿರಲಿಲ್ಲ. ನಮ್ಮ ನೂರಕ್ಕೆ 75 ಕಾಗದದಲ್ಲೇ ಉಳಿಯಿತು. ನಾವು ಜನರಲ್ ಬೋಗಿ ಹತ್ತಿದೆವು.

ಜನರಲ್ ಬೋಗಿಯ ವಿದ್ಯೆಯನ್ನು ಯಾರೂ ನಮಗೆ ಕಲಿಸಬೇಕಿಲ್ಲ. ಗಾಡಿ ಹೊರಡೋ ಸ್ಟೇಷನ್ನಿನಲ್ಲೇ ಗಂಟೆ ಮುಂಚೆ ಹೋಗಿ ಹತ್ತಬೇಕು. ಮೂರು ಜನ ಕೂತರೆ ಮೂರು ಜನ ನಿಲ್ಲಬೇಕು, ಸರದಿ ಬದಲಾಯಿಸಬೇಕು. ಹಳೇ ಪೇಪರ್ ಇರಲಿ, ರಾತ್ರಿ ಬಾಗಿಲ ಹತ್ತಿರ ಹಾಸೋದಕ್ಕೆ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಎರಡು ದಿನ ಕೆಡೋದಿಲ್ಲ. ದೊಡ್ಡ ಬಾಟಲಿ ಇದ್ದರೆ ಸ್ಟೇಷನ್ ನಲ್ಲಿಯಲ್ಲಿ ನೀರು ತುಂಬಿಕೊಳ್ಳಬಹುದು. ನೀರಿನ ಲೆಕ್ಕದಲ್ಲಿ ನಮಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಆದರೆ ನೀರಿನ ಮಾತು ಅಷ್ಟಕ್ಕೆ ಮುಗಿಯೋದಿಲ್ಲ. ಮೀರಜ್, ಕರಾಡ್ ದಾಟಿದ ಮೇಲೆ ಮಸೂರು ಅಂತ ಒಂದು ಸಣ್ಣ ಸ್ಟೇಷನ್ ಬರುತ್ತದೆ. ನಮ್ಮ ಗಾಡಿ ಅಲ್ಲಿ ನಿಲ್ಲಲಿಲ್ಲ. ಬೋರ್ಡು ಕಂಡಿತು, ಹಿಂದೆ ಹೋಯಿತು. 1901ರ ಬೇಸಿಗೆಯಲ್ಲಿ, ಹತ್ತು ವರ್ಷದ ಆಸುಪಾಸಿನ ಭೀಮರಾವ್ ತನ್ನ ಅಣ್ಣ, ಅಕ್ಕನ ಮಕ್ಕಳ ಜೊತೆ ಅಪ್ಪನನ್ನು ನೋಡಲು ಹೊರಟು ಇಳಿದದ್ದು ಅಲ್ಲಿ. ಹೊಸ ಬಟ್ಟೆ, ಹೊಸ ಟೋಪಿ, ಕೈಲಿ ದುಡ್ಡು ಎಲ್ಲಾ ಇತ್ತು. ಮಹಾರರ ಮಕ್ಕಳು ಅಂತ ತಿಳಿದದ್ದೇ ಸ್ಟೇಷನ್ ಮಾಸ್ತರನ ಮುಖ ಬದಲಾಯಿತು. ಎತ್ತಿನ ಗಾಡಿಯವರು ಯಾರೂ ಬರಲೊಪ್ಪಲಿಲ್ಲ. ಕಡೆಗೆ ಒಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪಿದ. ಅದೂ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಅಂತ. ರಾತ್ರಿ ಸುಂಕದ ಕಟ್ಟೆಯವನ ಹತ್ತಿರ ನಾವು ಮುಸಲ್ಮಾನರು ಎಂದು ಸುಳ್ಳು ಹೇಳಿಯೂ ಆ ಮಕ್ಕಳಿಗೆ ನೀರು ಸಿಗಲಿಲ್ಲ. ಬುತ್ತಿ ಇದ್ದೂ ಉಪವಾಸ ಮಲಗಿದರು. ಇದನ್ನು ಮುಂದೆ ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ.

ನಮ್ಮ ಬಾಟಲಿಯಲ್ಲಿ ನೀರಿತ್ತು. ಕುಡಿದೆವು. ಕಾಲ ಎಷ್ಟು ಬದಲಾಗಿದೆ ಅಂತ ಮಾತಾಡಿಕೊಂಡೆವು. ಅಂದು ರಾತ್ರಿಯೇ ನಮ್ಮ ಬಾಯಿ ಕಟ್ಟಿತು.

ಪುಣೆಯಲ್ಲಿ ಇಳಿದಾಗ ಹೊತ್ತಾಗಿತ್ತು. ಎರಡು ಕಡೆ ಕೇಳಿದೆವು, ದುಬಾರಿ. ಮೂರನೇ ಕಡೆ ತಲೆಗೆ 200 ರೂಪಾಯಿಗೆ ಮಂಚ ಅಂದರು. ಗಲ್ಲಾದಲ್ಲಿದ್ದವನು ಆಧಾರ್ ಕಾರ್ಡುಗಳನ್ನು ತಿರುವಿ ನೋಡಿದ. ಕಾರ್ಡಿನಲ್ಲಿ ಹೆಸರಿರುತ್ತದೆ, ಜಾತಿ ಇರೋದಿಲ್ಲ. ಅದಕ್ಕೇ ಬಾಯಿಬಿಟ್ಟು ಕೇಳಿದ, ನೀವು ಯಾವ ಜನ ಅಂತ. ನಮ್ಮಲ್ಲಿ ಹಿಂದಿ ಬರುತ್ತಿದ್ದವನು ಒಬ್ಬನೇ. ಬೆಂಗಳೂರಲ್ಲಿ ಟೈಲ್ಸ್ ಕೆಲಸ ಮಾಡುವಾಗ ಕಲಿತದ್ದು. ಅವನು “ಗೌಡರು” ಅಂದ. ಗೌಡರು ಅಂದರೆ ಜಮೀನಿರೋರು ಅಂತ ಬಿಡಿಸಿಯೂ ಹೇಳಿದ. ಕೀ ಸಿಕ್ಕಿತು.

ಸಂವಿಧಾನದ 15ನೇ ವಿಧಿ ನಮಗೆ ಗೊತ್ತಿಲ್ಲದ್ದಲ್ಲ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವರು ನಾವು. ಅಸ್ಪೃಶ್ಯತೆಯ ಹೆಸರಲ್ಲಿ ಹೋಟೆಲು, ಛತ್ರಗಳಲ್ಲಿ ಜಾಗ ಇಲ್ಲ ಅನ್ನೋದು 1955ರ ಕಾಯ್ದೆಯಲ್ಲಿ ಅಪರಾಧ. ಆದರೆ ರಾತ್ರಿ ಹೊತ್ತು, ಗೊತ್ತಿಲ್ಲದ ಊರು, ಕೈಲಿ ಎಣಿಸಿದ ದುಡ್ಡು. ಆರು ಜನ ಕಾನೂನು ಬಲ್ಲವರು ಬಾಯಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿದೆವು.

ಮಲಗಿದ ಮೇಲೆ ಯಾರಿಗೂ ನಿದ್ದೆ ಬರಲಿಲ್ಲ. ಸುಳ್ಳು ಹೇಳಿದವನು ಗೋಡೆ ಕಡೆ ತಿರುಗಿಕೊಂಡೇ, “ನಾನು ನಿಮಗೋಸ್ಕರ ಅಂದೆ ಕಣ್ರಪ್ಪಾ” ಅಂದ. ಅವನನ್ನು ಬೈಯೋ ಯೋಗ್ಯತೆ ನಮಗಿರಲಿಲ್ಲ. ಅವನು ಹೇಳಿದ್ದು ಆರು ಜನರ ಸುಳ್ಳು. 1917ರಲ್ಲಿ ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಂದ ಬಾಬಾಸಾಹೇಬರಿಗೂ ಬರೋಡಾದಲ್ಲಿ ಜಾಗ ಸಿಗದೆ ಪಾರ್ಸಿ ಹೆಸರು ಬರೆಸಿ ಪಾರ್ಸಿಗಳ ವಸತಿಗೃಹದಲ್ಲಿ ಇರಬೇಕಾಯಿತು. ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಗೆ ಹಾಕಿದರು. ನಮ್ಮನ್ನು ಯಾರೂ ಹೊರಗೆ ಹಾಕಲಿಲ್ಲ. ಬೆಳಿಗ್ಗೆ ದುಡ್ಡು ಕೊಟ್ಟು ಬಂದೆವು. ಆಗಲೂ ನಿಜ ಹೇಳಲಿಲ್ಲ. ಇದನ್ನು ನಿಮ್ಮ ಮುಂದೆ ಮುಚ್ಚಿಡೋದಿಲ್ಲ.

ಅಲ್ಲಿಂದ ನೇರ ಫುಲೆ ವಾಡಕ್ಕೆ ನಡೆದೆವು. 1868ರಲ್ಲಿ ಜೋತಿಬಾ ಫುಲೆ ತಮ್ಮ ಮನೆಯ ನೀರನ್ನು ಅಸ್ಪೃಶ್ಯರಿಗೆ ತೆರೆದರು. ಆ ಅಂಗಳದಲ್ಲಿ ನಿಂತಾಗ ನಾಚಿಕೆಯಾಯಿತು. ಜಾತಿಯಲ್ಲಿ ಹುಟ್ಟಿದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ.

ಡಿಸೆಂಬರ್ 5ರ ರಾತ್ರಿ ದಾದರಿನಲ್ಲಿ ಶಿವಾಜಿ ಪಾರ್ಕಿನ ಚಪ್ಪರದಡಿ ಪೇಪರ್ ಹಾಸಿ ಮಲಗಿದೆವು. ಸುತ್ತ ಲೆಕ್ಕವಿಲ್ಲದಷ್ಟು ಜನ. ವಿದರ್ಭದ ಹಳ್ಳಿಯಿಂದ ಬಂದಿದ್ದ ಅಜ್ಜಿಯೊಬ್ಬಳು ತನ್ನ ಭಾಕರಿ ಮುರಿದು ಕೊಟ್ಟಳು. ಅವಳ ಮಾತು ನಮಗೆ ಬರದು, ನಮ್ಮದು ಅವಳಿಗೆ ಬರದು. ಯಾವ ಜನ ಅಂತ ಕೇಳಲಿಲ್ಲ. ಬಾಡಿಗೆ ಸೊನ್ನೆ. ಅಂದು ಚೆನ್ನಾಗಿ ನಿದ್ದೆ ಬಂತು. ಮಾರನೇ ದಿನ ಉಳಿದ ದುಡ್ಡಿನಲ್ಲಿ ಪುಸ್ತಕ ಕೊಂಡೆವು.

ಇನ್ನೊಂದು ತಪ್ಪೂ ನಮ್ಮ ಲೆಕ್ಕದಲ್ಲಿದೆ. ಮೂವರು ಹೆಣ್ಣುಮಕ್ಕಳು ನಾವೂ ಬರುತ್ತೇವೆ ಅಂದಿದ್ದರು. ಜನರಲ್ ಬೋಗಿ, ಎಲ್ಲೋ ಮಲಗೋದು, ನಿಮಗಾಗೋದಿಲ್ಲ ಅಂತ ಬಿಟ್ಟು ಹೋದೆವು. ಖರ್ಚು ಉಳಿಸಿದೆವು ಅಂದುಕೊಂಡೆವು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ರಾಜ್ಯದೊಳಗೆ ಸಾಮಾನ್ಯ ಬಸ್ಸಿನ ಟಿಕೆಟ್ ಅವರಿಗೆ ಉಚಿತವಾಯಿತು. ಬಸ್ಸು ಹತ್ತೋದು ಸುಲಭವಾಯಿತು. ರಾತ್ರಿ ಇಳಿಯೋ ಜಾಗ ಯಾವುದು ಅನ್ನೋ ಪ್ರಶ್ನೆ ಹಾಗೇ ಇದೆ.

ಅದಕ್ಕೇ ಮುಂದಿನ ಸಲಕ್ಕೆ ನಾವು ಮಾಡಿಕೊಂಡ ತೀರ್ಮಾನ ಇಷ್ಟು. ಫಾರಂಗೆ ತಿಂಗಳು ಮುಂಚೆ ಅರ್ಜಿ ಹಾಕೋದು. ಸಹಿ ಹಾಕದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳೋದು. ಇಳಿಯೋ ಊರಿನಲ್ಲಿ ನಮ್ಮವರ ಹಾಸ್ಟೆಲು, ಬುದ್ಧವಿಹಾರಕ್ಕೆ ಮೊದಲೇ ಹೇಳಿಡೋದು. ಮೊದಲ ಟಿಕೆಟು ಹೆಣ್ಣುಮಕ್ಕಳದ್ದು. ಯಾವ ಜನ ಅಂತ ಕೇಳಿದರೆ ಇದ್ದದ್ದನ್ನೇ ಹೇಳೋದು. ಜಾಗ ಇಲ್ಲ ಅಂದರೆ ಆರೂ ಜನ ಸ್ಟೇಷನ್ನಿನಲ್ಲಿ ಕೂತು ದೂರು ಬರೆಯೋದು.

ನಮ್ಮ ಪುಸ್ತಕದಲ್ಲಿ ‘ಪುಣೆ, ಮಂಚ, 1,200 ರೂಪಾಯಿ’ ಅಂತಿದೆ. ಅಲ್ಲಿ ನಾವು ಕೊಟ್ಟದ್ದು ಅಷ್ಟೇ ಅಲ್ಲ. ಮಸೂರಿನ ಮಕ್ಕಳು ಕೊಟ್ಟ ದುಪ್ಪಟ್ಟು ಬಾಡಿಗೆಯನ್ನೇ ನಾವೂ ಕೊಟ್ಟೆವು. ನೀವು ಹೊರಡುವಾಗ ಅದನ್ನು ಕೊಡಬೇಡಿ. ಹೊರಡೋದನ್ನು ಮಾತ್ರ ನಿಲ್ಲಿಸಬೇಡಿ.

ಜೈ ಭೀಮ್.