ಫೋನು ಯಾರ ಕೈಯಲ್ಲಿದೆ?

ಅಕ್ಕತಂಗಿಯರೇ, ಹೊಡೆತದ ಗಾಯ ಕಣ್ಣಿಗೆ ಕಾಣುತ್ತದೆ, ಒಂಟಿಯಾಗಿಸುವುದು ಕಾಣುವುದಿಲ್ಲ. ತವರಿನವರನ್ನು ಕಾಣಬೇಡ, ನೆರೆಯವರ ಜೊತೆ ಸೇರಬೇಡ ಎಂದು ತಡೆಯುವುದೂ ದೌರ್ಜನ್ಯವೇ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಇದಕ್ಕೂ ದೂರು ಕೊಡಬಹುದು. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ತವರಿನ ಕಾಗದವನ್ನು ಅತ್ತೆಮನೆಯವರು ಒಡೆದು ಓದುತ್ತಿದ್ದರು. ಈಗ ಮೊಬೈಲ್ ತೆರೆದು ನೋಡುತ್ತಾರೆ, ಅಷ್ಟೇ ವ್ಯತ್ಯಾಸ.

181 ಮಹಿಳಾ ಸಹಾಯವಾಣಿ ಹಗಲೂ ರಾತ್ರಿಯೂ ಇದೆ, ಕರೆ ಉಚಿತ. ಆದರೆ ಕರೆದ ನಂಬರು ಫೋನಿನಲ್ಲಿ ಉಳಿಯುತ್ತದೆ. ಅಂಥವಳಿಗೆ ನಿಮ್ಮ ಫೋನು ಕೊಡಿ. ಓದು ಬಾರದವಳು ವಾಟ್ಸಾಪಿನಲ್ಲಿ ಮಾತಾಡಿಯೇ ಸಂದೇಶ ಕಳಿಸಬಹುದು. ಕಳಿಸಿದ್ದನ್ನು ಅಳಿಸುವುದನ್ನೂ ಕಲಿಸಿಕೊಡಿ. ಎರಡು ವಾರ ಸಂಘಕ್ಕೆ ಬಾರದವಳಿಗೆ ಕಂತಿನ ನೆಪದಲ್ಲಿ ಫೋನು ಮಾಡಿ. ಗಂಡನೇ ಎತ್ತಿದರೆ, 'ಅವಳ ಸಹಿ ಬೇಕಿತ್ತು' ಎನ್ನಿ. ಅದೇ ಸಂಜೆ ಇಬ್ಬರು ಪುಸ್ತಕ ಹಿಡಿದು ಮನೆಗೇ ಹೋಗಿ.