ಮೇಣದ ತೂಕ, ಗಣಕದ ಲೆಕ್ಕ
(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣ)



ದೆಹಲಿಯ ಸರ್ಕಾರಿ ಕಡತಗಳ ನಡುವೆ ಮೂವತ್ತು ವರ್ಷ ಕಳೆದ ನನಗೆ ಶಿಲ್ಪದ ಬಗ್ಗೆ ಮಾತನಾಡುವ ಅಧಿಕಾರ ಎಲ್ಲಿಂದ ಬಂತೆಂದು ನೀವು ಕೇಳಬಹುದು. ನಾನು ಮಾಡಿದ ಒಂದು ತಪ್ಪಿನಿಂದ ಬಂತು. ಅದನ್ನು ಕೊನೆಯಲ್ಲಿ ನಿವೇದಿಸುತ್ತೇನೆ.

2022ರ ನವೆಂಬರ್ 11ರಂದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅನಾವರಣಗೊಂಡ ನಾಡಪ್ರಭು ಕೆಂಪೇಗೌಡರ ಪ್ರತಿಮೆಯನ್ನು ಊರಿಗೆ ಹೋಗಿಬರುವಾಗ ನಮ್ಮಲ್ಲಿ ಹಲವರು ಕಂಡಿದ್ದೇವೆ. ಎತ್ತರ 108 ಅಡಿ. ಬಳಸಿದ್ದು 98 ಟನ್ ಕಂಚು, 120 ಟನ್ ಉಕ್ಕು. ರೂಪಿಸಿದವರು ನಮ್ಮ ನೆರೆಯ ನೋಯ್ಡಾದಲ್ಲಿ ಕಾರ್ಯಾಗಾರ ಕಟ್ಟಿದ ಶಿಲ್ಪಿ ರಾಮ್ ಸುತಾರ್. ಇಂಥ ಬೃಹತ್ ಮೂರ್ತಿಯನ್ನು ಒಂದೇ ಎರಕದಲ್ಲಿ ಹೊಯ್ಯಲಾಗದು. ಭಾಗಗಳಾಗಿ ಹೊಯ್ದು ಬೆಸೆಯಬೇಕು.

ಬೃಹತ್ ಪ್ರತಿಮೆಗಳ ಭಾಗಗಳನ್ನು ಸಿದ್ಧಪಡಿಸುವ ಕೆಲಸ ಈಗ ಬಹುಮಟ್ಟಿಗೆ ಗಣಕಯಂತ್ರದಲ್ಲಿ ನಡೆಯುತ್ತದೆ. ಶಿಲ್ಪಿಯ ಚಿಕ್ಕ ಮಾದರಿಯನ್ನು ಸ್ಕ್ಯಾನರ್ ಲಕ್ಷಾಂತರ ಬಿಂದುಗಳಾಗಿ ದಾಖಲಿಸುತ್ತದೆ. ಆ ಬಿಂದುಗಳಿಂದ ರೂಪವನ್ನು ಕಟ್ಟಿ, ಹಿಗ್ಗಿಸಿ, ತುಂಡುಗಳಾಗಿ ವಿಂಗಡಿಸುತ್ತಾರೆ. ಒಂದೊಂದು ತುಂಡಿಗೂ ದಪ್ಪ ಎಷ್ಟು, ಪಕ್ಕದ ತುಂಡಿನೊಡನೆ ಕೂಡುವ ಅಂಚು ಎಲ್ಲಿ ಎಂಬುದು ನಿಗದಿಯಾಗುತ್ತದೆ. ಕಂಚು ತಣಿಯುವಾಗ ಕುಗ್ಗುತ್ತದೆ. ನೂರಕ್ಕೆ ಒಂದೂವರೆ ಎಂದು ಹಿಡಿದರೆ, 1,000 ಮಿಲಿಮೀಟರ್ ಬೇಕಾದ ಭಾಗವನ್ನು 1,015 ಮಿಲಿಮೀಟರ್ ಆಗಿ ರೂಪಿಸಬೇಕು. ಬಳಿಕ ಯಂತ್ರವು ಥರ್ಮೊಕೋಲಿನಂಥ ಹಗುರ ವಸ್ತುವಿನಲ್ಲಿ ತುಂಡುಗಳನ್ನು ಕೊರೆಯುತ್ತದೆ. ಅವುಗಳಿಂದ ಅಚ್ಚು, ಅಚ್ಚಿನಿಂದ ಎರಕ. ಆದರೆ ಹತ್ತು ಪಟ್ಟು ಹಿಗ್ಗಿಸಿದಾಗ ಮಾದರಿಯ ಮೇಲಿನ ಒಂದು ಮಿಲಿಮೀಟರ್ ಆಳದ ಬೆರಳಗುರುತು ಒಂದು ಸೆಂಟಿಮೀಟರಿನ ಹಳ್ಳವಾಗುತ್ತದೆ. ಅದು ಶಿಲ್ಪಿಯ ಭಾವವೋ ಕೈತಪ್ಪೋ ಎಂಬುದನ್ನು ಯಂತ್ರ ಹೇಳಲಾರದು.

ಲೆಕ್ಕ ಹಾಕಿ ಎರಕ ಹೊಯ್ಯುವುದು ನಮಗೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಈ ಕ್ರಮವನ್ನು ವಿವರಿಸಿದ್ದಾನೆ. ಮೇಣದ ಮೂರ್ತಿಯನ್ನು ಮೊದಲು ತೂಗಬೇಕು. ಬೆಳ್ಳಿಯಾದರೆ ಅದರ 12 ಪಟ್ಟು, ಚಿನ್ನವಾದರೆ 16 ಪಟ್ಟು ಲೋಹ ಬೇಕು. ಇಂದು ಗಣಕವು ಘನ ಅಳತೆಯಿಂದ ಅದೇ ತೂಕವನ್ನು ಹೇಳುತ್ತದೆ. ಬದಲಾದದ್ದು ತಕ್ಕಡಿ ಮಾತ್ರ.

ಹಾಗಾದರೆ ಚಿಂತೆ ಯಾವುದರದು? 2018ರ ಅಕ್ಟೋಬರ್ 31ರಂದು ಗುಜರಾತಿನಲ್ಲಿ ಅನಾವರಣಗೊಂಡ 182 ಮೀಟರ್ ಎತ್ತರದ ಏಕತಾ ಪ್ರತಿಮೆಯ ಶಿಲ್ಪಿಯೂ ಸುತಾರರೇ. ಆದರೆ ಹೊರಮೈಯ ಕಂಚಿನ ಫಲಕಗಳು ಎರಕಗೊಂಡದ್ದು ಚೀನಾದಲ್ಲಿ. ರೂಪವು ಅಂಕಿಗಳಾದ ಮೇಲೆ ಯಾವ ದೇಶಕ್ಕಾದರೂ ಹೋಗಬಲ್ಲದು. ಕುಲುಮೆಯೂ ಪಳಗಿದ ಕೈಯೂ ಇರುವಲ್ಲಿ ಎರಕ ನಡೆಯುತ್ತದೆ. 2023ರ ಜಿ-20 ಶೃಂಗಸಭೆಗಾಗಿ ಇಲ್ಲಿಯ ಭಾರತ ಮಂಡಪದ ಮುಂದೆ ನಿಂತ ಸುಮಾರು 27 ಅಡಿಯ ನಟರಾಜನಾದರೋ ತಮಿಳುನಾಡಿನ ಸ್ವಾಮಿಮಲೆಯ ಸ್ಥಪತಿಗಳ ಕೃತಿ. ಮೇಣದಿಂದ, ಕಾವೇರಿಯ ಮೆಕ್ಕಲು ಮಣ್ಣಿನ ಅಚ್ಚಿನಿಂದ ಅದು ಮೂಡಿತು. ಅಲ್ಲಿ ವಿದ್ಯೆ ಉಳಿದಿದೆ, ಏಕೆಂದರೆ ಅದನ್ನು ಬಲ್ಲ ಕೈಗಳು ಉಳಿದಿವೆ.

ಇನ್ನು ನನ್ನ ತಪ್ಪು. ಕೆಲವು ವರ್ಷಗಳ ಹಿಂದೆ, ಕಚೇರಿಯೊಂದರ ಅಂಗಳಕ್ಕೆ ಕಂಚಿನ ಪ್ರತಿಮೆ ಮಾಡಿಸುವ ಕಡತ ನನ್ನ ಮೇಜಿಗೆ ಬಂದಿತು. ಅಂದಾಜುಪಟ್ಟಿಯಲ್ಲಿ ಎರಕದ ನಂತರದ ಕೈಗೆಲಸಕ್ಕೆ ಪ್ರತ್ಯೇಕ ಮೊತ್ತವಿತ್ತು. ಗಣಕ ಮಾದರಿ ಇರುವುದರಿಂದ ಇದು ಅನವಶ್ಯಕವೆಂದು ಟಿಪ್ಪಣಿ ಬರೆದು ಅದನ್ನು ಹೊಡೆದುಹಾಕಿದವನು ನಾನೇ. ಪರಿಶೀಲನೆಗೆ ಹೋದಾಗ ಕಂಡದ್ದು ಬೇರೆ. ಪರದೆಯ ಮೇಲೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಿದ್ದ ಭುಜಕ್ಕೂ ತೋಳಿಗೂ ನಡುವೆ ಕಿರುಬೆರಳು ತೂರುವಷ್ಟು ಅಂತರ. ಭುಜ ದಪ್ಪ, ತೋಳು ತೆಳು. ಎರಡೂ ಒಂದೇ ಬಗೆಯಲ್ಲಿ ತಣಿದಿರಲಿಲ್ಲ. ವಯಸ್ಸಾದ ಕೆಲಸಗಾರರೊಬ್ಬರು ಆರು ದಿನ ಕಾಯಿಸಿ, ಬಡಿದು, ಬೆಸೆದು, ಅರದಿಂದ ಉಜ್ಜಿ ಆ ಸಂದನ್ನು ಮುಚ್ಚಿದರು. ಆ ಆರು ದಿನಗಳಿಗೆ ಕಡತದಲ್ಲಿ ಬಾಬು ಇರಲಿಲ್ಲ. ಪರಿಷ್ಕೃತ ಅಂದಾಜು ಮಂಜೂರಾಗುವ ವೇಳೆಗೆ ಅವರು ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ಹಣವನ್ನು ಎಲ್ಲಿಗೆ ಕಳುಹಿಸಬೇಕೆಂಬುದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ.

ಬಂಧುಗಳೇ, ಈ ಸಭೆಯಲ್ಲಿ ಇಂಥ ಕಡತಗಳಿಗೆ ಸಹಿ ಹಾಕುವವರು ಅನೇಕರಿದ್ದೀರಿ. ಗಣಕವನ್ನು ದೂರಬೇಕಾಗಿಲ್ಲ; ಅದು ತನಗೆ ಕೊಟ್ಟ ಲೆಕ್ಕವನ್ನು ಸರಿಯಾಗಿಯೇ ಮಾಡಿತ್ತು. ಲೆಕ್ಕದಿಂದ ಮನುಷ್ಯನನ್ನು ಹೊರಗಿಟ್ಟವನು ನಾನು. ಮುಂದೆ ಯಾವುದೇ ಪ್ರತಿಮೆಯ ಪ್ರಸ್ತಾಪ ಬಂದಾಗ, ಎತ್ತರ ಎಷ್ಟೆಂದು ಕೇಳುವ ಮೊದಲು, ಬೆಸೆಯುವವನ ಕೂಲಿ ಪಟ್ಟಿಯಲ್ಲಿದೆಯೇ ಎಂದು ನೋಡಿರೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.