ಊರಿನ ಮಗುವಿಗೆ ಹಾಡಿನ ಪಾಠ



ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಸೀಮೆಯಲ್ಲಿ ಹಾಡಿಲ್ಲದ ಊರು ಹುಡುಕಿದರೂ ಸಿಗಲಾರದು. ಸೋಮವಾರ ಗುಡಿಯಲ್ಲಿ ಭಜನೆ, ಏಕಾದಶಿಗೆ ವಿಠ್ಠಲನ ಅಭಂಗ, ಎಲ್ಲಮ್ಮನಿಗೆ ಚೌಡಕಿ ಪದ, ಮೊಹರಮ್ಮಿಗೆ ರಿವಾಯತ್ ಪದ. ಆದರೆ ಯಾರಾದರೂ ಬಂದು "ನಿಮ್ಮೂರಾಗ ಹಾಡು ಕಲಿಸಾವರು ಯಾರದಾರ?" ಎಂದು ಕೇಳಿದರೆ ನಾವು ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತದೆ. ಹಾಡುವವರು ಇದ್ದಾರೆ, ಕಲಿಸುವವರು ಕಡಿಮೆ. ಇಂದು ನಿಮ್ಮೊಡನೆ ಮಾತಾಡಬೇಕೆಂದಿರುವುದು ಈ ಕಲಿಸುವ ವಿಷಯವನ್ನೇ.

ನೂರಿಪ್ಪತ್ತೈದು ವರ್ಷಗಳ ಹಿಂದೆ ಸಂಗೀತ ಕಲಿಯುವುದೆಂದರೆ ಗುರುವಿನ ಮನೆಯಲ್ಲಿ ಇರುವುದು. ನೀರು ಹೊರಬೇಕು, ಅಂಗಳ ಗುಡಿಸಬೇಕು, ಗುರುವಿನ ಮನಸ್ಸು ಬಂದಾಗ ಒಂದು ಚೀಜು ಸಿಕ್ಕೀತು. ಪುಸ್ತಕವಿಲ್ಲ, ವೇಳಾಪಟ್ಟಿಯಿಲ್ಲ. ವಿದ್ಯೆ ಆ ಮನೆತನದ ಆಸ್ತಿ. ಆ ಪದ್ಧತಿಯಿಂದ ದೊಡ್ಡ ದೊಡ್ಡ ಗಾಯಕರು ಬಂದರು, ನಿಜ. ಆದರೆ ಒಕ್ಕಲಿಗನ ಮಗನಿಗೆ, ನೇಕಾರನ ಮಗಳಿಗೆ ಆ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ.

ಆ ಬಾಗಿಲನ್ನು ತಳ್ಳಿದವರಲ್ಲಿ ಮುಖ್ಯರಾದವರು ಇಬ್ಬರು. ಇಬ್ಬರ ಹೆಸರೂ ವಿಷ್ಣು. ಒಬ್ಬರು ವಿಷ್ಣು ದಿಗಂಬರ ಪಲುಸ್ಕರರು. 1872ರಲ್ಲಿ ನಮ್ಮ ಪಕ್ಕದ ಕುರುಂದವಾಡದಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟಾಯಿತು. ಓದು ನಿಂತಿತು. ಮಿರಜಿನಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರ ಬಳಿ ಹಾಡು ಕಲಿತರು. 1901ರಲ್ಲಿ ದೂರದ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಅದು ರಾಜನ ಆಶ್ರಯದಲ್ಲಿ ನಡೆದ ಶಾಲೆಯಲ್ಲ. ಜನರ ದುಡ್ಡಿನಿಂದ, ಕಛೇರಿಯ ಟಿಕೇಟಿನ ದುಡ್ಡಿನಿಂದ ನಡೆದದ್ದು. ಸಭ್ಯರ ಮನೆಗೆ ಸಂಗೀತ ಸಲ್ಲದು ಎನ್ನುತ್ತಿದ್ದ ಕಾಲದಲ್ಲಿ ಅವರು ಚೀಜುಗಳ ಶೃಂಗಾರದ ಮಾತು ತೆಗೆದು ಭಕ್ತಿಯ ಮಾತು ಹಾಕಿದರು. ಹೀಗೆ ಅದು ಮನೆಮನೆಗೆ ಬಂತು. ಮುಂದೆ ಸಾಲದ ಹೊರೆ ಬಿದ್ದು ಅವರ ಮುಂಬಯಿಯ ಶಾಲೆ ಕೈಬಿಟ್ಟಿತು. 1931ರಲ್ಲಿ ಮಿರಜಿನಲ್ಲೇ ಕಣ್ಮುಚ್ಚಿದರು. ಆದರೆ ಅದೇ ವರ್ಷ ಶಿಷ್ಯರು ಸೇರಿ ಒಂದು ಮಂಡಳ ಕಟ್ಟಿದರು. ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ ಎಂದು ಇಂದು ನಮ್ಮ ಮಕ್ಕಳು ಕಟ್ಟುವ ಪರೀಕ್ಷೆಗಳು ಆ ಮಂಡಳದ್ದೇ.

ಇನ್ನೊಬ್ಬರು ವಿಷ್ಣು ನಾರಾಯಣ ಭಾತಖಂಡೆಯವರು. ವಕೀಲಿ ಬಿಟ್ಟು ದೇಶ ಸುತ್ತಿದರು. 1904ರಲ್ಲಿ ದಕ್ಷಿಣಕ್ಕೂ ಬಂದರು. ಅಲ್ಲಿ ವೆಂಕಟಮಖಿಯ 72 ಮೇಳಗಳ ಪದ್ಧತಿಯನ್ನು ಅಭ್ಯಾಸ ಮಾಡಿದರು. ತಂಜಾವೂರಿನ ನಾಯಕರಲ್ಲಿ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರ ಮಗ ಈ ವೆಂಕಟಮಖಿ, ಕನ್ನಡ ಮನೆತನದವರು. ಹಿಂದುಸ್ತಾನಿ ರಾಗಗಳನ್ನು 10 ಥಾಟುಗಳಲ್ಲಿ ಜೋಡಿಸುವಾಗ ಭಾತಖಂಡೆಯವರ ಕಣ್ಣ ಮುಂದೆ ಈ ಮೇಳಪದ್ಧತಿಯಿತ್ತು. ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ, ಕೋಮಲಕ್ಕೆ ಅಡಿಗೆರೆ, ತೀವ್ರ ಮಧ್ಯಮಕ್ಕೆ ತಲೆಯ ಮೇಲೊಂದು ನೆಟ್ಟಗೆರೆ: ಈ ಸ್ವರಲಿಪಿ ಅವರದು. 1926ರಲ್ಲಿ ಲಖನೌದಲ್ಲಿ ಅವರ ಪ್ರಯತ್ನದಿಂದ ಸಂಗೀತ ಕಾಲೇಜು ಆಯಿತು.

ಕ್ರಮವಾಗಿ ಪಾಠ ಕಟ್ಟುವುದು ನಮಗೆ ಹೊಸದೇನಲ್ಲ. ಸರಳೆ, ಜಂಟಿ, ಅಲಂಕಾರ ಎಂದು ಮಾಯಾಮಾಳವಗೌಳದಲ್ಲಿ ಮೊದಲ ಪಾಠ ಹಾಕಿಕೊಟ್ಟವರು ಪುರಂದರದಾಸರೆಂದು ಪರಂಪರೆ ಹೇಳುತ್ತದೆ. ಕಾಸರಗೋಡು, ಹೊಸೂರಿನ ಕಡೆಯ ನಮ್ಮ ಬಂಧುಗಳಲ್ಲಿ ಕರ್ನಾಟಕ ಸಂಗೀತ ಕಲಿಯುವ ಮಕ್ಕಳು ಇಂದಿಗೂ ಅಲ್ಲಿಂದಲೇ ಶುರು ಮಾಡುತ್ತಾರೆ.

ಈಗ ಮಿರಜಿನ ಮಾತು. ಪಂಢರಪುರದ ಕಡೆ ಬೆಳೆದ ಬುರುಡೆಗಳು ಅಲ್ಲಿ ತಂಬೂರಿಯಾಗುತ್ತವೆ. ಮಿರಜಿನ ಸಿತಾರಕ್ಕೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಆ ಊರಿನಲ್ಲಿ ನೆಲೆ ನಿಂತವರು ಅಬ್ದುಲ್ ಕರೀಂ ಖಾನರು. ಅವರ ಶಿಷ್ಯರು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಅವರಿಂದ ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು. ಅದೇ ಮಿರಜಿನ ನೀಲಕಂಠಬುವಾ ಅವರ ಬಳಿ ಮಲ್ಲಿಕಾರ್ಜುನ ಮನಸೂರರು ಕಲಿತರು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳೂ ಕಲಿತರು. ಕಲಿತದ್ದನ್ನು ಗವಾಯಿಗಳು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಅಂಧ ಮಕ್ಕಳನ್ನು, ಅನಾಥ ಮಕ್ಕಳನ್ನು ಸೇರಿಸಿ ಊರೂರು ತಿರುಗುತ್ತ ಕಲಿಸಿದರು. ನಾಟಕ ಕಂಪನಿ ಕಟ್ಟಿ ಆ ಮಕ್ಕಳ ಹೊಟ್ಟೆ ಹೊರೆದರು. ಅದೇ ಗದಗಿನ ವೀರೇಶ್ವರ ಪುಣ್ಯಾಶ್ರಮ. ಅವರ ಬಳಿಕ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೆ ಅದನ್ನು ನಡೆಸಿದರು. ಬಸವರಾಜ ರಾಜಗುರು, ವೆಂಕಟೇಶಕುಮಾರ ಇವರೆಲ್ಲ ಆ ಅನ್ನ ಉಂಡು ಹಾಡಿದವರು. ಫೀ ಕೇಳಿ ಬಾಗಿಲು ತೆರೆದ ಶಾಲೆ ಅದಲ್ಲ.

ಇನ್ನು ಹೊಸ ಹೊಸ ಶೈಲಿಗಳು ಹುಟ್ಟಿದ್ದು ಹೇಗೆ ಎಂಬುದನ್ನು ನೋಡಿರಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿದರು. ಮಾತು ಮರಾಠಿ, ಧಾಟಿಗಳಲ್ಲಿ ಕನ್ನಡ ನೆಲದವೂ ಸೇರಿದ್ದವು. ಅಲ್ಲಿಂದ ಮರಾಠಿ ನಾಟ್ಯಸಂಗೀತ ಬೆಳೆಯಿತು. ಮನಸೂರರು, ರಾಜಗುರುಗಳು ಖಯಾಲಿನ ರಾಗಗಳಲ್ಲಿ ಬಸವಣ್ಣ, ಅಕ್ಕಮಹಾದೇವಿಯರ ವಚನ ಹಾಡಿದರು. ಪ್ರಾಸವಿಲ್ಲದ, ಸಮಪಾದವಿಲ್ಲದ ಗದ್ಯದಂಥ ಮಾತು ಹಾಡಾಯಿತು. ಭೀಮಸೇನರು ಒಂದೇ ಕಂಠದಲ್ಲಿ ಇತ್ತ ದಾಸವಾಣಿ, ಅತ್ತ ಅಭಂಗವಾಣಿ ಹಾಡಿದರು. ಪಿ. ಕಾಳಿಂಗರಾಯರು ಕವಿಗಳ ಕವಿತೆಯನ್ನು ವೇದಿಕೆಗೆ ತಂದರು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ಟಾಗಿ ಬಂತು. ಭಾವಗೀತೆ ಹೀಗೆ ಅಡುಗೆಮನೆಯವರೆಗೂ ಹೋಯಿತು. ಗಟ್ಟಿಯಾದ ತಾಲೀಮು ಒಂದು ಕಡೆ, ತಮ್ಮ ಜನರ ಮಾತು ಇನ್ನೊಂದು ಕಡೆ. ಇವೆರಡೂ ಕೂಡಿದಲ್ಲಿ ಹೊಸದು ಹುಟ್ಟಿದೆ.

ಹಾಗಾದರೆ ನಮ್ಮ ಊರಿನ ಮಗುವಿಗೆ ತೊಡಕು ಎಲ್ಲಿದೆ? ಎರಡು ಕಡೆ ಇದೆ.

ಮೊದಲನೆಯದು ಪೇಟಿ. ಹಾರ್ಮೋನಿಯಂ ಬಡವರ ಬಂಧು, ಅದನ್ನು ನಾನು ದೂರುವುದಿಲ್ಲ. ಆದರೆ ಅದರ ಮನೆಗಳು ಕಟ್ಟಿಟ್ಟ ಮನೆಗಳು. ತಂಬೂರಿಯ ಷಡ್ಜದೊಳಗಿಂದ ತಾನಾಗಿ ಕೇಳಿಸುವ ಗಂಧಾರಕ್ಕಿಂತ ಪೇಟಿಯ ಗಂಧಾರ ತುಸು ಏರಿರುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು ಅದಕ್ಕೆ ಬರುವುದಿಲ್ಲ. ಇದೇ ಕಾರಣ ಹೇಳಿ ಆಕಾಶವಾಣಿಯು 1940ರಲ್ಲಿ ಅದನ್ನು ಹೊರಗಿಟ್ಟಿತು. 1971ರಲ್ಲಷ್ಟೇ ನಿರ್ಬಂಧ ಸಡಿಲವಾಯಿತು. ಅಷ್ಟು ಕಠಿಣವಾಗಬೇಕಿರಲಿಲ್ಲ ಎನ್ನುವವರೂ ಇದ್ದಾರೆ. ನನ್ನ ಮಾತು ಇಷ್ಟೇ: ಮಗು ಮೊದಲ ಆರು ತಿಂಗಳು ಶ್ರುತಿಯ ಮೇಲೆ ಹಾಡಲಿ, ಕಿವಿ ಕುದುರಲಿ, ಬೆರಳು ಆಮೇಲೆ ಮನೆಗಳ ಮೇಲೆ ಓಡಾಡಲಿ. ಕಿವಿಗಿಂತ ಮೊದಲು ಬೆರಳು ಕಲಿತರೆ ಪೇಟಿ ನಿಂತಾಗ ಹಾಡೂ ನಿಂತೀತು.

ಎರಡನೆಯದು ನಮಗೇ ವಿಶೇಷವಾದದ್ದು. ನಮ್ಮ ಬಹಳ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಾರೆ. ಹೋಗಲಿ, ಅದೂ ನಮ್ಮದೇ ಭಾಷೆ. ಆದರೆ ಅಜ್ಜ ಹೇಳಿಕೊಟ್ಟ ಕನ್ನಡ ತತ್ತ್ವಪದವನ್ನು ಮಗು ಬಾಲಬೋಧ ಲಿಪಿಯಲ್ಲಿ ಬರೆದುಕೊಳ್ಳುತ್ತದೆ. ಭಜನಿ ಮೇಳದ ವಹಿಗಳನ್ನು ತೆರೆದು ನೋಡಿರಿ, ಗೊತ್ತಾಗುತ್ತದೆ. ಆ ಲಿಪಿಯ ರೂಢಿಯ ಬರವಣಿಗೆಯಲ್ಲಿ ಎ-ಏ ಎಂಬ ಭೇದವಿಲ್ಲ, ಒ-ಓ ಎಂಬ ಭೇದವಿಲ್ಲ. 'ಬೆಳೆ' ಬರೆದರೂ ಅಷ್ಟೇ, 'ಬೇಳೆ' ಬರೆದರೂ ಅಷ್ಟೇ. 'ಕೊಡು' ಎಂದರೂ ಒಂದೇ, 'ಕೋಡು' ಎಂದರೂ ಒಂದೇ. ಅಜ್ಜನಿರುವವರೆಗೆ ಚಿಂತೆಯಿಲ್ಲ, ತಪ್ಪಿದರೆ ತಿದ್ದುತ್ತಾನೆ. ಅಜ್ಜ ಹೋದ ಮೇಲೆ ವಹಿಯೊಂದೇ ಗುರು. ಆಗ ಒಂದು ಮಾತ್ರೆಯದು ಎರಡಾಗುತ್ತದೆ, ಎರಡರದ್ದು ಒಂದಾಗುತ್ತದೆ. ಅರ್ಥ ಕೆಡುತ್ತದೆ, ಅರ್ಥದ ಸಂಗಡ ಲಯವೂ ಕೆಡುತ್ತದೆ. ಹಾಡುವವರಿಗೆ ಹಾಡು ಬರುತ್ತದೆ, ಏನು ಹಾಡಿದೆವೆಂಬುದು ಬರುವುದಿಲ್ಲ. ಒಂದು ಪದ ಸಾಯುವುದು ಹೀಗೆ, ಸದ್ದಿಲ್ಲದೆ.

ಇದಕ್ಕೆ ಮದ್ದು ನಮ್ಮ ಕೈಯಲ್ಲೇ ಇದೆ. ಸಂಗೀತದ ಪಾಠವನ್ನೇ ಅಕ್ಷರದ ಪಾಠವನ್ನಾಗಿ ಮಾಡಿರಿ. ಮಗು ಒಂದು ಪದ ಕಲಿತರೆ ಅದರ ಪಲ್ಲವಿಯನ್ನು ಕನ್ನಡದಲ್ಲಿ ಬರೆಯಲಿ. ಹ್ರಸ್ವಕ್ಕೆ ಒಂದು ಎಣಿಕೆ, ದೀರ್ಘಕ್ಕೆ ಎರಡು ಎಣಿಕೆ ಎಂದು ಅಕ್ಷರವನ್ನು ಬಾಯಲ್ಲಿ ಹೇಳುತ್ತ ಬೆರಳಲ್ಲಿ ಎಣಿಸಲಿ. ಕೈಯಲ್ಲಿ ತಾಳ ನಡೆಯಲಿ. ಮನಸ್ಸಿಟ್ಟರೆ ನಾಲ್ಕಾರು ಪದಗಳಲ್ಲಿ ಬಹುತೇಕ ಅಕ್ಷರಮಾಲೆ ಬಂದುಬಿಡುತ್ತದೆ. ಹಿರಿಯರ ಹಾಡನ್ನು ಮೊಬೈಲಿನಲ್ಲಿ ಹಿಡಿದಿಡುವುದು ಒಳ್ಳೆಯದೇ. ಆದರೆ ಹಾಡಿದವರ ಹೆಸರು, ಊರು, ಧಾಟಿ ಇವನ್ನು ಒಂದು ವಹಿಯಲ್ಲಿ ಬರೆದಿಡಿರಿ. ಹೆಸರಿಲ್ಲದ ಧ್ವನಿ ಹತ್ತು ವರ್ಷಕ್ಕೆ ಯಾರದೂ ಅಲ್ಲವಾಗುತ್ತದೆ.

ಪರೀಕ್ಷೆ ಕಟ್ಟಿಸಿರಿ, ಬೇಡವೆನ್ನುವುದಿಲ್ಲ. ಆದರೆ ಪ್ರಮಾಣಪತ್ರ ಗೋಡೆಗೆ ಹತ್ತಿದ ದಿನವೇ ತಂಬೂರಿ ಮೂಲೆ ಸೇರಬಾರದು. ಹಾಡ್ತಾ ಹಾಡ್ತಾ ರಾಗ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಪಾಸಾಗ್ತಾ ಪಾಸಾಗ್ತಾ ರಾಗ ಎಂದು ಹೇಳಲಿಲ್ಲ.

"ಮಾಸ್ತರರಿಗೆ ಪಗಾರ ಯಾರು ಕೊಡಾವರ್ರೀ?" ಎಂದು ನೀವು ಕೇಳುವಿರಿ. ಯೋಗ್ಯ ಪ್ರಶ್ನೆ. ಜಾತ್ರೆಗೆ, ಲಗ್ನದ ವರಾತಕ್ಕೆ ಡಾಲ್ಬಿ ತರಿಸಿ ಒಂದೇ ರಾತ್ರಿಗೆ ಎಷ್ಟು ಸುರಿಯುತ್ತೇವೆ ಎಂಬುದು ನಿಮಗೇ ಗೊತ್ತು. ಅದರಲ್ಲೊಂದು ಪಾಲು ತೆಗೆದಿಡಿರಿ. ವಾರಕ್ಕೆ ಎರಡು ಸಂಜೆ, ಗುಡಿಯ ಕಟ್ಟೆಯ ಮೇಲೆ, ಹೆಣ್ಣುಮಕ್ಕಳನ್ನೂ ಕೂಡಿಸಿಕೊಂಡು ಪಾಠ ನಡೆಯಲಿ. ಪಂಚಾಕ್ಷರಿ ಗವಾಯಿಗಳು ನಾಟಕ ಆಡಿಸಿ ಶಾಲೆ ನಡೆಸಿದರು. ನಮಗೆ ಬೇಕಾಗಿರುವುದು ಅದರ ನೂರರಲ್ಲೊಂದು ಪಾಲು ಶ್ರಮ.

ಈ ವರ್ಷದ ಜಾತ್ರೆಯ ಪಟ್ಟಿ ಎತ್ತಲು ಕೂಡುವಾಗ ಈ ಮಾತನ್ನು ಪಂಚರ ಮುಂದೆ ಇಡಿರಿ. ಕನ್ನಡದಲ್ಲೇ ಇಡಿರಿ, ಮರಾಠಿಯಲ್ಲೇ ಇಡಿರಿ, ಎರಡೂ ಅವರಿಗೆ ತಿಳಿಯುತ್ತದೆ.